ನೂರು ಕೈ, ಒಂದು ಸಹಿ

ಈ ಸಲದ ನನ್ನ ಬರಹದಲ್ಲಿ ಸಂಘದ ಸುದ್ದಿಯಿಲ್ಲ. ಇರುವುದೆಲ್ಲ ಒಂದು ಯಂತ್ರದ ಸಮಾಚಾರ. ಹಾಗೆಂದು ಗೃಹಿಣಿಯರು ಪುಟ ತಿರುವಿಬಿಡಬಾರದೆಂದು ನನ್ನ ಪ್ರಾರ್ಥನೆ. ಯಾಕೆಂದರೆ ಇದರ ಮರ್ಮವನ್ನು ನನಗೆ ಮೊದಲು ತಿಳಿಸಿಕೊಟ್ಟವಳು ನನ್ನ ಮನೆಯಾಕೆಯೇ.

ಗಿಂಡಿಯಲ್ಲಿರುವ ನಮ್ಮ ಕಚೇರಿಯಲ್ಲಿ ತಿಂಗಳ ಕೊನೆಯೆಂದರೆ ಬಿಲ್ಲುಗಳ ಜಾತ್ರೆ. ಹೋದ ವರ್ಷ ನಮ್ಮ ಹಳೆಯ ಸರ್ವರ್ ಯಂತ್ರ ಆ ದಿನಗಳಲ್ಲಿ ಏದುಸಿರು ಬಿಡತೊಡಗಿತು. ತಾಂಬರದಿಂದ ಎಲೆಕ್ಟ್ರಿಕ್ ರೈಲಿನಲ್ಲಿ ಬರುವ ವೃದ್ಧರೊಬ್ಬರು ಪಿಂಚಣಿ ಬಾಕಿಗಾಗಿ ಮೂರು ದಿನ ಕಿಟಕಿಯ ಮುಂದೆ ನಿಂತು ಹಿಂತಿರುಗಿದರು. ನಾಲ್ಕನೆಯ ದಿನ, ಸಿಟ್ಟಿಲ್ಲದೆ, “ಯಂತ್ರಕ್ಕೂ ನನ್ನ ಹಾಗೆ ವಯಸ್ಸಾಯಿತೇ, ಸಾರ್?” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಮಾತು ರಾತ್ರಿಯ ನಿದ್ರೆ ಕೆಡಿಸಿತು.

ಹೊಸ ಯಂತ್ರ ಕೊಳ್ಳಲು ಅಪ್ಪಣೆಯಾಯಿತು. ದರಪಟ್ಟಿಗಳನ್ನು ಹೋಲಿಸಿ ತಖ್ತೆ ಬರೆಯುವ ಕೆಲಸ ನನ್ನದು. ಒಂದು ಯಂತ್ರಕ್ಕೆ 64 ಕೋರ್, ಇನ್ನೊಂದಕ್ಕೆ 128. ಕೋರ್ ಎಂದರೆ ಪ್ರೊಸೆಸರಿನೊಳಗೆ ತಾನೇ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಒಂದು ಘಟಕ. ಒಬ್ಬ ಗುಮಾಸ್ತನೆಂದೇ ತಿಳಿಯಿರಿ. ಈ ಗುಮಾಸ್ತರ ಸಂಖ್ಯೆ ಬೆಳೆದ ಪರಿ ಸೋಜಿಗದ್ದು. ಎ.ಎಂ.ಡಿ. ಕಂಪೆನಿಯ ಎಪಿಕ್ ಪ್ರೊಸೆಸರೊಂದರಲ್ಲಿ 2017ರಲ್ಲಿ ಹೆಚ್ಚೆಂದರೆ 32 ಕೋರ್. 2019ರಲ್ಲಿ 64, 2022ರಲ್ಲಿ 96, 2024ರಲ್ಲಿ 192. ನಾನು ಬಿ.ಎ. ಓದಿದವನು. ಬೆಲೆಯನ್ನು ಕೋರುಗಳಿಂದ ಭಾಗಿಸಿದೆ. ಕೋರೊಂದಕ್ಕೆ ಬೀಳುವ ರೂಪಾಯಿ 128ರ ಯಂತ್ರದಲ್ಲೇ ಕಡಿಮೆ. ಒಟ್ಟು ಬೆಲೆ ಹೆಚ್ಚಾದರೂ ಲಾಭ ಅದರಲ್ಲೇ ಎಂದು ಟಿಪ್ಪಣಿ ಬರೆದು, ಸಹಿ ಮಾತ್ರ ಮರುದಿನಕ್ಕೆ ಉಳಿಸಿ ಮನೆಗೆ ಬಂದೆ.

ಸಂಜೆ ಕಾಫಿಯ ಹೊತ್ತಿನಲ್ಲಿ ನನ್ನ ಜಾಣತನವನ್ನು ಕೊಚ್ಚಿಕೊಂಡೆ. ಆಕೆ ನಕ್ಕು, “ನನ್ನ ತಮ್ಮನ ಮದುವೆಗೆ ಇಪ್ಪತ್ತು ಜನ ಅಡುಗೆಯವರು ಬಂದಿದ್ದರಲ್ಲ, ಊಟ ಬೇಗ ಆಯಿತೇನ್ರೀ? ತರಕಾರಿ ಹೆಚ್ಚುವುದಕ್ಕೆ ಇಪ್ಪತ್ತು ಕೈ, ಹುಳಿಗೆ ಒಗ್ಗರಣೆ ಹಾಕುವುದಕ್ಕೆ ಎಲ್ಲರೂ ದೊಡ್ಡ ಭಟ್ಟರ ದಾರಿ ಕಾಯುತ್ತಿದ್ದರು” ಎಂದಳು.

ಮರುದಿನ ಇದನ್ನು ತಾಂತ್ರಿಕ ವಿಭಾಗದ ತರುಣನಿಗೆ ಹೇಳಿದೆ. “ಅಮ್ಮ ಹೇಳಿದ್ದನ್ನೇ ಜೀನ್ ಆಮ್ಡಾಲ್ ಎಂಬವರು 1967ರಲ್ಲಿ ಹೇಳಿದ್ದಾರೆ, ಸಾರ್” ಎಂದು ಆತ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದ. ಕೆಲಸದ ನೂರು ಪಾಲಿನಲ್ಲಿ ಐದು ಪಾಲು ಒಬ್ಬನೇ ಮಾಡಬೇಕಾದದ್ದು ಎನ್ನೋಣ. ಆಗ 64 ಕೋರ್ ಸೇರಿದರೆ ವೇಗ ಒಂದು ಕೋರಿನ 15.4ರಷ್ಟು, 128 ಸೇರಿದರೆ 17.4ರಷ್ಟು ಮಾತ್ರ. ಸಾವಿರ ಸೇರಿಸಿದರೂ 20ನ್ನು ದಾಟದು.

ಕಾಗದದ ಶಕ್ತಿ ಬೇರೆ, ಕೆಲಸದ ಶಕ್ತಿ ಬೇರೆ ಎಂಬುದಕ್ಕೆ ನಮ್ಮ ಬೆಂಗಳೂರಿನದೇ ಒಂದು ಉದಾಹರಣೆಯುಂಟು. ಭಾರತೀಯ ವಿಜ್ಞಾನ ಸಂಸ್ಥೆಯ ‘ಸಹಸ್ರ-ಟಿ’ ಎಂಬ ಕ್ರೇ ಯಂತ್ರ 2015ರಲ್ಲಿ ಜಗತ್ತಿನ ‘ಟಾಪ್ 500’ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿ ಅದರ ಕೋರುಗಳು 31,104. ಕಾಗದದ ಲೆಕ್ಕಕ್ಕೆ ಶಕ್ತಿ 1,244 ಟೆರಾಫ್ಲಾಪ್, ಅಂದರೆ ಸೆಕೆಂಡಿಗೆ ಅಷ್ಟು ಲಕ್ಷ ಕೋಟಿ ಲೆಕ್ಕ. ಸಮೀಕರಣಗಳನ್ನು ಬಿಡಿಸುವ ಲಿನ್‌ಪ್ಯಾಕ್ ಪರೀಕ್ಷೆಗೆ ಕೂರಿಸಿದಾಗ ಬಂದದ್ದು 901. ಇದು ದೋಷವಲ್ಲ, ಒಳ್ಳೆಯ ಫಲವೇ. ಆದರೂ ನೂರಕ್ಕೆ ಸುಮಾರು 72. ನಮ್ಮ ಬಿಲ್ಲಿನ ಕೆಲಸವೋ, ಸಮೀಕರಣವಲ್ಲ. ಆದ್ದರಿಂದ ಪರೀಕ್ಷೆಯೂ ನಮ್ಮದೇ ಆಗಬೇಕಷ್ಟೆ.

ಮಾರಾಟಗಾರರಿಂದ ಎರಡು ಯಂತ್ರಗಳನ್ನೂ ಪರೀಕ್ಷೆಗೆ ತರಿಸಿದೆವು. ಎರಡರಲ್ಲೂ ಒಂದೇ ಆವೃತ್ತಿಯ ಲಿನಕ್ಸ್. 2017ರ ನವೆಂಬರ್‌ನಿಂದ ಆ ಪಟ್ಟಿಯ ಐನೂರು ಯಂತ್ರಗಳನ್ನೂ ನಡೆಸುತ್ತಿರುವುದು ಲಿನಕ್ಸೇ ಎಂದು ತರುಣ ಹೇಳಿದ. ಹಿಂದಿನ ತಿಂಗಳ ಬಿಲ್ಲುಗಳನ್ನು ಹೆಸರು ಅಳಿಸಿ ಕೊಟ್ಟು, ‘ಟಾಸ್ಕ್‌ಸೆಟ್’ ಎಂಬ ಆಜ್ಞೆಯಿಂದ ಕೆಲಸವನ್ನು ಮೊದಲು 8 ಕೋರಿಗೆ, ಆಮೇಲೆ 16, 32, 64, 128ಕ್ಕೆ ಕಟ್ಟಿಹಾಕಿ ನಡೆಸಿದೆವು. ಪ್ರತಿಯೊಂದನ್ನೂ ಮೂರು ಸಲ ಮಾಡಿ ನಡುವಣ ಸಮಯವನ್ನು ಬರೆದುಕೊಂಡೆವು. 16ರವರೆಗೆ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತ ಬಂತು. 32 ದಾಟಿದ ಮೇಲೆ ಎರಡು ಯಂತ್ರಗಳೂ ಮುಷ್ಕರ ಹೂಡಿದಂತೆ ನಿಂತವು!

ಹುಡುಕಿದಾಗ ಕಾರಣ ಸಿಕ್ಕಿತು. ಪ್ರತಿ ಬಿಲ್ಲೂ ತನ್ನ ಕ್ರಮಸಂಖ್ಯೆಯನ್ನು ಒಂದೇ ರಿಜಿಸ್ಟರಿನಿಂದ ಪಡೆಯಬೇಕಾಗಿತ್ತು. ಒಬ್ಬ ಬರೆಯುವಾಗ ಉಳಿದವರೆಲ್ಲ ಸಾಲಿನಲ್ಲಿ. ನೂರು ಕೈಗೂ ಒಂದೇ ಸಹಿ. ತರುಣ ಒಂದೊಂದು ಕೋರಿಗೂ ನೂರು ಸಂಖ್ಯೆಗಳನ್ನು ಒಟ್ಟಿಗೆ ಹಂಚುವಂತೆ ತಿದ್ದಿದ. ಆಮೇಲೆ 64 ಕೋರಿನ ಯಂತ್ರವೇ ತಿಂಗಳ ಕೊನೆಯ ಕೆಲಸವನ್ನು ಊಟದ ಹೊತ್ತಿಗೆ ಮುಗಿಸಿತು. ನನ್ನ ಹಳೆಯ ಟಿಪ್ಪಣಿಯನ್ನು ಹರಿದು, ಅಳೆದ ಸಮಯಗಳನ್ನೇ ತಖ್ತೆಯಲ್ಲಿ ಬರೆದು ಸಹಿ ಹಾಕಿದೆ. ಸರಕಾರದ ದುಡ್ಡೆಂದರೆ ಕಿಟಕಿಯ ಮುಂದೆ ನಿಂತವರ ದುಡ್ಡೇ ಅಲ್ಲವೇ?

ಯಾವ ಯಂತ್ರ ಕೊಳ್ಳುವಾಗಲೂ ಅದಕ್ಕೆ ಎಷ್ಟು ತಲೆ ಎಂದು ಕೇಳಿ ಸುಮ್ಮನಾಗಬೇಡಿ. ನಮ್ಮ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿ.

ಕಳೆದ ತಿಂಗಳು ಆ ವೃದ್ಧರು ಇನ್ನೊಂದು ಬಿಲ್ಲಿಗಾಗಿ ಬಂದಿದ್ದರು. ಹತ್ತು ನಿಮಿಷದಲ್ಲಿ ಕೆಲಸವಾಯಿತು. ಹೊಸ ಯಂತ್ರದ ವಿಚಾರ ಅವರು ಕೇಳಲೇ ಇಲ್ಲ. ಮಳೆ ಬರುವುದರೊಳಗೆ ರೈಲು ಹಿಡಿಯಬೇಕೆಂದು ಕೊಡೆ ಎತ್ತಿಕೊಂಡು ಹೊರಟುಬಿಟ್ಟರು.