ಮನೆ ಎಳೆಯುವ ಗಾಡಿ

ಭಾನುವಾರ ಸಂಜೆ ಏಳೂವರೆಗೆ ನಮ್ಮ ಮನೆಯ ಫೋನ್ ಬಾರಿಸಿತೆಂದರೆ ಅದು ಡೆನ್ವರ್‌ನಿಂದಲೇ. ನನ್ನ ತಂಗಿಯ ಮಗ ಅಮೆರಿಕದ ಆ ಊರಿನಲ್ಲಿದ್ದಾನೆ. ಇಲ್ಲಿ ಧಾರವಾಡದಲ್ಲಿ ನಾವು ದೇವರ ಮುಂದೆ ದೀಪ ಹಚ್ಚಿ ಕುಳಿತಿರುತ್ತೇವೆ, ಅಲ್ಲಿ ಅವರಿಗೆ ಬೆಳಗಿನ ಎಂಟು ಗಂಟೆ. ಈ ಸಲ ಅವನು ಕ್ಷೇಮ ಸಮಾಚಾರ ಮುಗಿಸುವ ಮೊದಲೇ ಕೇಳಿದ:

"ಮಾಮಾ, ಒಂದು ಹಳೇ ಡೀಸೆಲ್ ಪಿಕಪ್ ತಗೋಬೇಕಂತ ಮಾಡೇನಿ. ಅದರ ಹಿಂದ ಒಂದು ಮನಿ ಕಟ್ಟಿಕೊಂಡು ಎಳೀಬೇಕು. ಹೆಂಗ ನೋಡಿ ತಗೊಳ್ಲಿ?"

ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ನನ್ನ ಮೊಮ್ಮಗಳು ಪೆನ್ಸಿಲ್ ಕೆಳಗಿಟ್ಟಳು. ಅವಳು ಏಳನೆಯ ತರಗತಿ. "ಮನೀನ ಎಳೀತಾರೇನಜ್ಜಾ?"

ಎಳೆಯುತ್ತಾರೆ. ಅಲ್ಲಿ ಅದಕ್ಕೆ ಕ್ಯಾಂಪರ್ ಎನ್ನುತ್ತಾರೆ. ಗಾಲಿಯ ಮೇಲಿನ ಉದ್ದನೆಯ ಡಬ್ಬಿ. ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಪಾಯಖಾನೆ ಎಲ್ಲ ಇರುತ್ತದೆ. ಇಂಜಿನ್ ಮಾತ್ರ ಇರುವುದಿಲ್ಲ. ನಮ್ಮ ಹುಡುಗ ಕೊಂಡಿದ್ದ ಕ್ಯಾಂಪರ್ ಸಾಮಾನು ತುಂಬಿದ ಮೇಲೆ 3,500 ಕಿಲೋ ತೂಗುತ್ತಿತ್ತು. ಹೆಂಡತಿ, ಎರಡು ಮಕ್ಕಳನ್ನು ಕರೆದುಕೊಂಡು ಬೇಸಿಗೆ ರಜೆಯಲ್ಲಿ ರಾಕಿ ಪರ್ವತ ದಾಟಿ ಹೋಗುವ ಆಸೆ ಅವನಿಗೆ. ಹುಬ್ಬಳ್ಳಿಯ ಟ್ರ್ಯಾಕ್ಟರ್ ವರ್ಕ್‌ಶಾಪ್ ಒಂದರಲ್ಲಿ 30 ವರ್ಷ ಕೈ ಕಪ್ಪು ಮಾಡಿಕೊಂಡವನು ನಾನು. ಅದಕ್ಕೇ ನನ್ನನ್ನು ಕೇಳಿದ.

"ನಮ್ಮ ಕಡೆ ಇಂಥಾದ್ದು ಇಲ್ಲಲ್ಲಾ" ಎಂದಳು ಮೊಮ್ಮಗಳು.

ಇಲ್ಲವೇ? ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ ನೋಡಿ, ಮಕ್ಕಳೇ. ನಾನು ಚಿಕ್ಕವನಿದ್ದಾಗ ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ನಾವು ಹೋಗುತ್ತಿದ್ದುದು ಎಂಥಾದ್ದರಲ್ಲಿ? ಕಮಾನು ಕಟ್ಟಿದ ಸವಾರಿ ಬಂಡಿಯಲ್ಲಿ. ಕೆಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ, ಅದರ ಮೇಲೆ ಕೌದಿ. ಒಂದು ಮೂಲೆಯಲ್ಲಿ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ನೀರಿನ ಕೊಡ. ಬಂಡಿಯ ಕೆಳಗೆ ಜೋತಾಡುವ ಕಂದೀಲು. ದಾರಿಯಲ್ಲಿ ಒಂದು ರಾತ್ರಿ, ಗುಡ್ಡದಲ್ಲಿ ಎರಡು ರಾತ್ರಿ ಅದರೊಳಗೇ ವಾಸ. ಡೀಸೆಲ್ ಬದಲು ಹುಲ್ಲು ಮತ್ತು ಹಿಂಡಿ, ಅಷ್ಟೇ ವ್ಯತ್ಯಾಸ.

ಎಳೆಯುವುದನ್ನು ಆರಿಸುವ ಕೆಲಸವೂ ಹೆಚ್ಚುಕಡಿಮೆ ಒಂದೇ.

ನಮ್ಮಪ್ಪ ಎತ್ತು ಕೊಳ್ಳಲು ಹುಬ್ಬಳ್ಳಿಯ ದನದ ಸಂತೆಗೆ ಹೋದರೆ ನನ್ನನ್ನೂ ಕರೆದೊಯ್ಯುತ್ತಿದ್ದ. ಮೊದಲು ಬಾಯಿ ತೆರೆದು ಹಲ್ಲು ನೋಡುವುದು. ದನಕ್ಕೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲುಗಳೇ ಇರುವುದಿಲ್ಲ, ಗೊತ್ತೇ? ಕೆಳಗೆ ಎಂಟು ಇರುತ್ತವೆ. ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಎರಡೆರಡಾಗಿ ಬರುತ್ತವೆ. ಅದನ್ನೇ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಎಣಿಸಿ, ಎಂಟೂ ಬಂದರೆ 'ಬಾಯಿಗೂಡೈತಿ' ಎನ್ನುತ್ತಾರೆ. ಆಮೇಲೆ ದಲ್ಲಾಳಿ ಟವೆಲ್ ಹೊದಿಸಿ, ಅದರೊಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಿದ್ದ. ನೋಡುವವರಿಗೆ ಏನೂ ತಿಳಿಯುತ್ತಿರಲಿಲ್ಲ.

ಆದರೆ ನಮ್ಮಪ್ಪನ ಕೊನೆಯ ಪರೀಕ್ಷೆ ಬೇರೆ ಇತ್ತು. ಎಲ್ಲರೂ ತುಂಬಿದ ಬಂಡಿ ಕಟ್ಟಿ ಏರು ಹತ್ತಿಸಿ ನೋಡಿದರೆ, ಅವನು ಇಳಿಜಾರು ಇಳಿಸಿ ನೋಡುತ್ತಿದ್ದ. "ಏರಿನ್ಯಾಗ ಎತ್ತಿನ ಬಲ ಕಾಣತೈತಿ, ಇಳಿಜಾರಿನ್ಯಾಗ ಅದರ ಬುದ್ಧಿ ಕಾಣತೈತಿ" ಎನ್ನುತ್ತಿದ್ದ. ಇಳಿಯುವಾಗ ಬಂಡಿ ಹಿಂದಿನಿಂದ ನೂಕುತ್ತದೆ, ನೊಗ ಜಾರಿ ಕೊಂಬಿನ ಕಡೆಗೆ ಬರುತ್ತದೆ. ಒಳ್ಳೆಯ ಜೋಡಿ ತಲೆ ಎತ್ತಿ, ಹಿಂದಕ್ಕೆ ಒರಗಿ, ಇಡೀ ಬಂಡಿಯನ್ನು ತಡೆದು ಹಿಡಿಯುತ್ತದೆ. ಹೆದರುವ ಎತ್ತು ಓಡಲು ನೋಡುತ್ತದೆ.

ಒಂದು ವರ್ಷ ನಮ್ಮ ಎಡಗಡೆಯ ಎತ್ತಿಗೆ ಕಾಲು ನೋವಾಗಿ, ಕೇಳಿ ತಂದ ಎತ್ತನ್ನು ಹೂಡಿದ್ದೆವು. ಗುಡ್ಡ ಇಳಿಯುವಾಗ ಅದು ತಡೆಯಲೇ ಇಲ್ಲ. ಬಂಡಿ ಅಡ್ಡಡ್ಡ ಹೊರಳಿತು. ಒಳಗೆ ನಾನು, ನನ್ನ ತಂಗಿ, ನಮ್ಮವ್ವ. ಅಪ್ಪ ಜಿಗಿದು ಗಾಲಿಯ ಮುಂದೆ ಒಂದು ಕಲ್ಲು ನೂಕಿದ. ಗಾಲಿ ಆ ಕಲ್ಲಿಗೆ ಬಡಿದು ನಿಂತಿತು. ನನಗಾಗ ಒಂಬತ್ತು ವರ್ಷ. ಕೊಡದ ನೀರೆಲ್ಲ ನನ್ನ ಮೈಮೇಲೆ ಚೆಲ್ಲಿದ್ದು ಈಗಲೂ ನೆನಪಿದೆ. ಆ ದಿನ ಬಂಡಿಯಲ್ಲಿದ್ದ ನನ್ನ ತಂಗಿಯ ಮಗನೇ ಈಗ ಫೋನಿನಲ್ಲಿದ್ದವನು. ಹೀಗಾಗಿ ನಾನು ಅವನಿಗೆ ಮೊದಲು ಕೇಳಿದ್ದು ಗಾಡಿ ಎಷ್ಟು ಎಳೆಯುತ್ತದೆ ಎಂದಲ್ಲ, ಹೇಗೆ ತಡೆಯುತ್ತದೆ ಎಂದು.

"ಮತ್ತ ಡೀಸೆಲ್ಲೇ ಯಾಕ ಬೇಕಜ್ಜಾ?" ಇದು ಮೊಮ್ಮಗಳ ಪ್ರಶ್ನೆ. ಒಳ್ಳೆಯ ಪ್ರಶ್ನೆ.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಮುಟ್ಟಿ ನೋಡಿದ್ದೀರಾ? ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರ್ ಇದನ್ನೇ ಹಿಡಿದುಕೊಂಡ. ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿಬಿಟ್ಟರೆ ಅದು ಎಷ್ಟು ಕಾಯುತ್ತದೆ ಎಂದರೆ, ಅದರೊಳಗೆ ಎಣ್ಣೆ ಚಿಮುಕಿಸಿದರೆ ಸಾಕು, ಕಿಡಿಯಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. 1897ರಲ್ಲಿ ಆಗ್ಸ್‌ಬರ್ಗ್ ಎಂಬ ಊರಿನಲ್ಲಿ ಅವನ ಇಂಜಿನ್ ಸರಿಯಾಗಿ ಓಡಿತು. ಅವನ ಹೆಸರೇ ಎಣ್ಣೆಗೂ ಅಂಟಿಕೊಂಡಿತು. ಪಾಪ, 1913ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುವಾಗ ರಾತ್ರೋರಾತ್ರಿ ಕಾಣೆಯಾದ.

ಡೀಸೆಲ್ ಇಂಜಿನ್ನಿನ ಗುಣವೆಂದರೆ ನಿಧಾನವಾಗಿ ತಿರುಗುವಾಗಲೇ ಅದಕ್ಕೆ ಜೋರು ಹೆಚ್ಚು. ನಮ್ಮ ಸೀಮೆಯ ಎತ್ತುಗಳ ಮಾತಿನಲ್ಲಿ ಹೇಳುವುದಾದರೆ, ಖಿಲಾರಿ ಎತ್ತು ಚುರುಕು, ದಾರಿಯಲ್ಲಿ ಓಡುತ್ತದೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಕೃಷ್ಣಾ ತೀರದ ಎತ್ತು ದೊಡ್ಡ ಮೈಯದು, ನಿಧಾನ. ಆದರೆ ಎರೆಮಣ್ಣಿನಲ್ಲಿ ಹೂತ ನೇಗಿಲನ್ನೂ ಬಿಡದೆ ಎಳೆಯುತ್ತದೆ. ಡೀಸೆಲ್ ಎಂದರೆ ಈ ಎರಡನೆಯದು. ಅದಕ್ಕೇ ಟ್ರ್ಯಾಕ್ಟರ್, ಲಾರಿ, ಬಸ್ಸು ಎಲ್ಲಕ್ಕೂ ಅದೇ.

ಆದರೆ ಅದಕ್ಕೊಂದು ದೋಷವಿದೆ, ಮಾರುವವರು ಇದನ್ನು ಹೇಳುವುದಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಕಾಲು ತೆಗೆದರೆ ಗಾಳಿಯ ದಾರಿ ಮುಚ್ಚಿಕೊಂಡು, ಇಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಡೀಸೆಲ್‌ನಲ್ಲಿ ಸಾಮಾನ್ಯವಾಗಿ ಆ ಹಿಡಿತ ಕಡಿಮೆ. ಏರಿನಲ್ಲಿ ಭೀಮ, ಇಳಿಜಾರಿನಲ್ಲಿ ಸ್ವಲ್ಪ ಸೋಮಾರಿ. ಅದಕ್ಕಾಗಿ ದೊಡ್ಡ ಗಾಡಿಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಇರುತ್ತದೆ. ಹೊಗೆ ಹೋಗುವ ದಾರಿಯನ್ನು ಅರ್ಧ ಅಡ್ಡಗಟ್ಟಿದಾಗ ಇಂಜಿನ್ ಉಸಿರು ಕಟ್ಟಿ ಗಾಡಿಯ ವೇಗ ತಗ್ಗುತ್ತದೆ. ಬರೀ ಕಾಲಿನ ಬ್ರೇಕ್ ಒತ್ತಿಕೊಂಡೇ ಉದ್ದ ಘಟ್ಟ ಇಳಿದರೆ ಬ್ರೇಕ್ ಕಾದು ಹಿಡಿಯುವುದನ್ನೇ ಬಿಡುತ್ತದೆ.

ಮುಂದಿನ ಭಾನುವಾರ ಹುಡುಗ ವಿಡಿಯೊ ಕಾಲ್ ಮಾಡಿದ. ಮಾರುವವನ ಅಂಗಳದಲ್ಲಿ ಕರ್ರಗೆ ಮಿರಿಮಿರಿ ಮಿಂಚುವ ಪಿಕಪ್. ಅವನ ಮಕ್ಕಳು ಆಗಲೇ ಅದಕ್ಕೆ ಹೆಸರಿಟ್ಟುಬಿಟ್ಟಿದ್ದರು. "4,000 ಕಿಲೋ ಎಳೀತೈತಂತ ಮಾಮಾ!"

"ಮೊದಲು ಬಾನೆಟ್ ಮ್ಯಾಲೆ ಕೈ ಇಡು" ಎಂದೆ.

ಬೆಚ್ಚಗಿತ್ತು. ಇವನು ಬರುವ ಮೊದಲೇ ಯಾರೋ ಚಾಲೂ ಮಾಡಿ ಕಾಯಿಸಿ ಇಟ್ಟಿದ್ದರು. ಹಳೇ ಡೀಸೆಲ್ ಇಂಜಿನ್ ತನ್ನ ನಿಜ ಹೇಳುವುದು ಬೆಳಿಗ್ಗೆ ತಣ್ಣಗಿರುವಾಗ ಮಾತ್ರ. ಸಲೀಸಾಗಿ ಏಳುತ್ತದೋ, ಕೆಮ್ಮುತ್ತದೋ, ಹೊಗೆಯ ಬಣ್ಣ ಯಾವುದು, ಎಲ್ಲ ಆಗ ನೋಡಬೇಕು. ಕರಿ ಹೊಗೆ ಬಿಡುತ್ತಲೇ ಇದ್ದರೆ ಎಣ್ಣೆ ಹೆಚ್ಚು, ಗಾಳಿ ಕಡಿಮೆ. ಒಮ್ಮೊಮ್ಮೆ ಗಾಳಿಯ ಫಿಲ್ಟರ್ ಬದಲಿಸಿದರೆ ಸರಿಹೋದೀತು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಖರ್ಚು ದೊಡ್ಡದು. ಬಿಳಿ ಹೊಗೆ ಚಳಿಯಲ್ಲಿ ಎರಡು ನಿಮಿಷ ಬಂದರೆ ಚಿಂತೆಯಿಲ್ಲ, ಕಾದ ಮೇಲೂ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ನೋಡಿದರೆ, ಅಲ್ಲಿಂದ ಹೊಗೆ ಬುಸುಗುಟ್ಟಬಾರದು. ಇದು ದೊಡ್ಡವರು ಹುಷಾರಾಗಿ ಮಾಡುವ ಕೆಲಸ, ಮಕ್ಕಳಲ್ಲ. ಮೀಟರಿನಲ್ಲಿ ತೋರಿಸುವ ಕಿಲೋಮೀಟರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪೆಡಲ್ಲಿನ ರಬ್ಬರು ಎಷ್ಟು ಸವೆದಿದೆ ನೋಡಿ, ಅದೇ ಗಾಡಿಯ ಹಲ್ಲು.

"ಇನ್ನ ಬಾಗಿಲ ತೆಗಿ. ಚೌಕಟ್ಟಿನ ಮ್ಯಾಲೆ ಒಂದು ಚೀಟಿ ಅಂಟಿಸಿರ್ತಾರ, ಓದು."

ಆ ಚೀಟಿಯಲ್ಲಿ ಜನ ಮತ್ತು ಸಾಮಾನು ಸೇರಿ ಆ ಗಾಡಿ ಎಷ್ಟು ಹೊರಬಹುದು ಎಂದು ಬರೆದಿರುತ್ತದೆ. 640 ಕಿಲೋ ಎಂದಿತ್ತು. ಮೊಮ್ಮಗಳಿಗೆ ನೋಟ್‌ಬುಕ್ ತೆಗೆ ಎಂದೆ. ನೀವೂ ಲೆಕ್ಕ ಮಾಡಿ.

ಬಂಡಿಯ ಭಾರ ಪೂರ್ತಿ ಗಾಲಿಯ ಮೇಲೇ ಇರುವುದಿಲ್ಲ. ಸ್ವಲ್ಪ ನೊಗದ ಮೇಲೂ ಬೀಳುತ್ತದೆ, ಬೀಳಲೇಬೇಕು. ಹಿಂದೆ ಹೆಚ್ಚು ಹೇರಿದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದೆ ಹೆಚ್ಚಾದರೆ ಹೆಗಲು ಹುಣ್ಣಾಗುತ್ತದೆ. ಕ್ಯಾಂಪರಿಗೂ ಅಷ್ಟೇ. ಅದರ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಎಳೆಯುವ ಗಾಡಿಯ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ಓಡುವಾಗ ಕ್ಯಾಂಪರ್ ಬಾಲ ಅಲ್ಲಾಡಿಸಿ ಮುಂದಿನ ಗಾಡಿಯನ್ನೂ ಎಳೆದಾಡುತ್ತದೆ. ನಾವು 12 ಎಂದು ಹಿಡಿದೆವು. 3,500 ಕಿಲೋಗೆ 420 ಕಿಲೋ. ಗಂಡ, ಹೆಂಡತಿ, ಎರಡು ಮಕ್ಕಳು ಸೇರಿ 195. ಕೊಂಡಿಯ ಕಬ್ಬಿಣ 45. ಸೈಕಲ್ಲು, ಕಟ್ಟಿಗೆ, ನೀರು ಎಲ್ಲ ಸೇರಿ 110.

"770 ಆತಜ್ಜಾ" ಎಂದಳು ಮೊಮ್ಮಗಳು. ಒಂದು ಕ್ಷಣ ಸುಮ್ಮನಿದ್ದು, "130 ಹೆಚ್ಚಾತು."

4,000 ಕಿಲೋ ಎಳೆಯುವ ಗಾಡಿ 770 ಕಿಲೋ ಹೊರಲಾರದು. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಅಲ್ಲಿ ಬಹಳ ಜನ ಎಡವುವುದು ಇಲ್ಲಿಯೇ. ಜೊತೆಗೆ ಎಕ್ಸಾಸ್ಟ್ ಬ್ರೇಕೂ ಇರಲಿಲ್ಲ. ಹಿಮ ಕರಗಿಸಲೆಂದು ಅಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ; ಕೆಳಗೆ ಬಗ್ಗಿ ನೋಡಿದರೆ ಚಾಸಿಸ್ ತುಕ್ಕು ಹಿಡಿದು ಪದರ ಬಿಡುತ್ತಿತ್ತು. ಬೇಡ ಎಂದೆ. ಹುಡುಗನ ಮುಖ ಸಣ್ಣದಾಯಿತು, ಅವನ ಮಕ್ಕಳಂತೂ ಅತ್ತರಂತೆ. ನಮ್ಮ ಮನೆಯವರು ನನ್ನನ್ನೇ ಬೈದರು: "ದೂರದಾಗ ಕುಂತು ಹುಡುಗ್ರ ಆಸೆಕ್ಕ ಕಲ್ಲು ಹಾಕ್ತೀರಿ."

ಮೂರು ವಾರ ಫೋನಿನಲ್ಲಿ ಗಾಡಿಯ ಮಾತೇ ಇಲ್ಲ. ನಾಲ್ಕನೆಯ ವಾರ ಇನ್ನೊಂದು ತೋರಿಸಿದ. ಮಣ್ಣಿನ ಬಣ್ಣ, ಒಂದು ಬಾಗಿಲಿಗೆ ನೆಗ್ಗು, ನೋಡಲು ಚಂದವಿಲ್ಲ. ಆದರೆ ಬಾನೆಟ್ ತಣ್ಣಗಿತ್ತು. ಒಂದೇ ಸಲಕ್ಕೆ ಎದ್ದಿತು. ಚೀಟಿಯಲ್ಲಿ 1,060 ಕಿಲೋ. ಎಕ್ಸಾಸ್ಟ್ ಬ್ರೇಕ್ ಇತ್ತು, ಕ್ಯಾಂಪರಿನ ಗಾಲಿಗಳ ಬ್ರೇಕನ್ನು ಚಾಲಕನ ಕೈಯಿಂದಲೇ ನಡೆಸುವ ಪುಟ್ಟ ಡಬ್ಬಿಯೂ ಇತ್ತು. ಸರ್ವಿಸ್ ಮಾಡಿಸಿದ ಚೀಟಿಗಳನ್ನೆಲ್ಲ ಹಳೆಯ ಮಾಲೀಕ ಫೈಲಿನಲ್ಲಿಟ್ಟಿದ್ದ. "ಇದನ್ನ ತಗೋ" ಎಂದೆ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಹಳೇ ಪಿಕಪ್ಪೋ ಟ್ರ್ಯಾಕ್ಟರೋ ಕೊಳ್ಳುವ ಮಾತಿರಬಹುದು. ಹೊಗೆ, ತುಕ್ಕು, ಪೆಡಲ್ಲು ಎಲ್ಲ ಮೇಲಿನಂತೆಯೇ. ಕಾಗದಪತ್ರ ಮಾತ್ರ ನಮ್ಮದು ಬೇರೆ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಉಳಿದಿದೆಯೇ ನೋಡಿ. ಉಳಿದಿದ್ದರೆ 35ನೇ ನಮೂನೆ ಕೊಟ್ಟು ಮೊದಲು ತೆಗೆಸಲಿ. ಹೆಸರು ಬದಲಾಯಿಸಲು 29 ಮತ್ತು 30ನೇ ನಮೂನೆ ಬೇಕು. ಹಣ ಕೊಟ್ಟು, ಹೆಸರು ಆಮೇಲೆ ನೋಡೋಣ ಎಂದು ಬಿಡಬೇಡಿ.

ಟ್ರ್ಯಾಕ್ಟರ್ ಇದ್ದವರಿಗೆ ಇನ್ನೊಂದು. ಅದರ ಎಡ ಬಲ ಗಾಲಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತದೆ, ಹೊಲದಲ್ಲಿ ಗಕ್ಕನೆ ತಿರುಗಿಸಲು. ರಸ್ತೆಗೆ ಬಂದ ಕೂಡಲೇ ಎರಡನ್ನೂ ಜೋಡಿಸುವ ಚಿಲಕ ಹಾಕಬೇಕು. ಹಾಕದೆ ವೇಗದಲ್ಲಿ ಒಂದನ್ನೇ ಒತ್ತಿದರೆ ಟ್ರ್ಯಾಕ್ಟರ್ ಒಂದೇ ಕಡೆ ಎಳೆದು ಪಲ್ಟಿ ಹೊಡೆಯುತ್ತದೆ. ಹಿಂದಿನ ಟ್ರೇಲರಿಗೆ ಎಷ್ಟೋ ಕಡೆ ಬ್ರೇಕೇ ಇರುವುದಿಲ್ಲ. ಅದರಲ್ಲಿ ಜನರನ್ನು ಕೂರಿಸುವುದು ಕಾನೂನಿಗೂ ವಿರುದ್ಧ. ಈ ವರ್ಷ ನನ್ನ ತಮ್ಮ ಟ್ರೇಲರಿಗೆ ತಾಡಪಾಲು ಕಟ್ಟಿ ಎಲ್ಲರನ್ನೂ ಗುಡ್ಡಕ್ಕೆ ಒಯ್ಯುತ್ತೇನೆಂದು ಹೊರಟಿದ್ದ. ಜಗಳವೇ ಆಯಿತು. ಕೊನೆಗೆ ಪಾತ್ರೆ, ಕಟ್ಟಿಗೆ, ಹಾಸಿಗೆ ಟ್ರೇಲರಿನಲ್ಲಿ. ನಾವೆಲ್ಲ ಸರ್ಕಾರಿ ಬಸ್ಸಿನಲ್ಲಿ. ನಮ್ಮ ಮನೆಯವರಿಗೆ ಅದೇ ಖುಷಿ. "ನಮಗ ಹೆಣ್ಮಕ್ಕಳಿಗೆ ಚಾರ್ಜೂ ಇಲ್ಲ, ನೀವs ಕೊಡ್ರಿ" ಎಂದು ಕಿಟಕಿ ಪಕ್ಕ ಕುಳಿತರು.

ಮೊನ್ನೆ ಭಾನುವಾರ ಏಳೂವರೆಗೆ ಮತ್ತೆ ಫೋನ್. ಡೆನ್ವರ್‌ನಿಂದ ಪಶ್ಚಿಮಕ್ಕೆ ಹೋಗುವ ರಸ್ತೆಯಲ್ಲಿ ಐಸೆನ್‌ಹೋವರ್ ಸುರಂಗವಿದೆ, ಸಮುದ್ರ ಮಟ್ಟದಿಂದ 11,000 ಅಡಿಗೂ ಮೇಲೆ. ಅದನ್ನು ದಾಟಿದ ಮೇಲೆ ಉದ್ದನೆಯ ಇಳಿಜಾರು. ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಪಕ್ಕದಲ್ಲಿ ಕಲ್ಲುಚೂರು ತುಂಬಿದ ಏರು ದಾರಿ ಮಾಡಿಟ್ಟಿದ್ದಾರೆ. ಹಿಂದಿನ ದಿನ ಅದನ್ನೆಲ್ಲ ಇಳಿದು ಒಂದು ಕೆರೆಯ ದಂಡೆಯಲ್ಲಿ ರಾತ್ರಿ ಉಳಿದಿದ್ದರು. "ಕಾಲಿನ ಬ್ರೇಕ್ ಅಲ್ಲೊಂದು ಇಲ್ಲೊಂದು ಸಲ ಒತ್ತಿದೆ ನೋಡು ಮಾಮಾ" ಎಂದ. ಮಕ್ಕಳು ಹಿಂದಿನಿಂದ ಇಣುಕಿದರು. ಮಣ್ಣಿನ ಬಣ್ಣದ ಗಾಡಿಗೂ ಈಗ ಹೆಸರು ಬಂದಿದೆಯಂತೆ.

ನಮ್ಮ ಮನೆಯವರು ಫೋನ್ ಕಸಿದುಕೊಂಡರು. "ಗಾಲಿಗೆ ಕಲ್ಲು ಕೊಟ್ಟಿ ಇಲ್ಲಪಾ?"

"ಕೊಟ್ಟೇನಿ ಅತ್ತಿ, ಇಲ್ಲಿ ನೋಡು" ಎಂದು ಅವನು ಬಗ್ಗಿ ಫೋನನ್ನು ಕ್ಯಾಂಪರಿನ ಗಾಲಿಯ ಹತ್ತಿರ ಹಿಡಿದ. ಗಾಲಿಗೆ ಒತ್ತಿ ಇಟ್ಟಿದ್ದ ಹಳದಿ ಪ್ಲಾಸ್ಟಿಕ್ಕಿನ ತುಂಡೊಂದು ಕಾಣಿಸಿತು.

"ಕಲ್ಲs ಇಡಬೇಕಿತ್ತು" ಎಂದು ಇವರು ಗೊಣಗಿ, ಫೋನನ್ನು ಮೊಮ್ಮಗಳ ಕೈಗೆ ಕೊಟ್ಟರು.