ಮಣಿ ಜಾರಿದ್ರೆ ಮತ್ತೆ ಹಿಡ್ಕೊಂಡ್ರಾಯ್ತು

"ಧ್ಯಾನ ನನ್ನ ಕೈಲಾಗಲ್ಲಪ್ಪ, ಕಣ್ಣು ಮುಚ್ಚಿದ್ರೆ ಸಾಕು, ಇರೋ ಬರೋ ಯೋಚನೆಯೆಲ್ಲಾ ಬರತ್ತೆ." ಆಫೀಸಿನಲ್ಲಿ ಊಟಕ್ಕೆ ಕೂತಾಗ ಈ ಮಾತು ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ಮನಸ್ಸನ್ನು ಖಾಲಿ ಮಾಡೋದೇ ಧ್ಯಾನ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಖಾಲಿ ಆಗಲಿಲ್ಲವಾ, ನಾಲ್ಕನೇ ದಿನಕ್ಕೆ ಆ್ಯಪ್ ಡಿಲೀಟ್!

ನಮ್ಮಮ್ಮ ದಿನಾ ಬೆಳಿಗ್ಗೆ ಜಪಸರ ಹಿಡಿದು ಕೂರುತ್ತಾರೆ. ಜಪ ಮುಗಿಸಿ ಏಳುವ ಹೊತ್ತಿಗೆ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನೋ ಲೆಕ್ಕವೂ ಅವರಲ್ಲಿರುತ್ತದೆ. "ಇದೆಂಥಾ ಜಪ ಅಮ್ಮ?" ಅಂತ ರೇಗಿಸಿದರೆ, "ಮನಸ್ಸು ಅಂದ್ಮೇಲೆ ಓಡುತ್ತೆ ಕಣೇ. ಮಣಿ ಜಾರಿದ್ರೆ ಮತ್ತೆ ಹಿಡ್ಕೊಂಡ್ರಾಯ್ತು" ಅಂತಾರೆ.

ವಿಚಿತ್ರ ನೋಡಿ, ದೊಡ್ಡ ದೊಡ್ಡ ಶಿಬಿರಗಳಲ್ಲಿ ಹೇಳಿಕೊಡುವುದೂ ಹೆಚ್ಚುಕಡಿಮೆ ಇದನ್ನೇ. ಮ್ಯಾನ್ಮಾರ್‌ನಲ್ಲಿ ಹುಟ್ಟಿ ಬೆಳೆದ ಉದ್ಯಮಿ ಎಸ್. ಎನ್. ಗೋಯೆಂಕಾ ವಿಪರೀತ ಮೈಗ್ರೇನ್‌ನಿಂದ ನರಳುತ್ತಿದ್ದಾಗ ವಿಪಶ್ಯನ ಕಲಿತವರು. 1969ರಲ್ಲಿ ಭಾರತಕ್ಕೆ ಬಂದು ಅದನ್ನು ಕಲಿಸತೊಡಗಿದರು. ಅವರ ಪರಂಪರೆಯ 10 ದಿನದ ಮೌನ ಶಿಬಿರದಲ್ಲಿ ಮೊದಲ ಮೂರು ದಿನ ಮೂಗಿನ ಬಳಿ ಉಸಿರು ಬಂದು ಹೋಗುವುದನ್ನು ಗಮನಿಸುವುದೇ ಕೆಲಸ. ಅತ್ತ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ 1979ರಲ್ಲಿ, ಬಹುಕಾಲದ ನೋವು ಇರುವ ರೋಗಿಗಳನ್ನೂ ಸೇರಿಸಿಕೊಂಡು ಇಂಥದೇ ಅಭ್ಯಾಸ ಶುರುಮಾಡಿದರು. ಅದೀಗ 8 ವಾರಗಳ ಕೋರ್ಸ್ ಆಗಿ ಹೆಸರಾಗಿದೆ. ಎರಡೂ ಕಡೆ ಪಾಠ ಒಂದೇ: ಗಮನ ಹೋಯಿತಾ? ಬೈದುಕೊಳ್ಳಬೇಡಿ, ವಾಪಸ್ ಕರೆತನ್ನಿ. ಆ ವಾಪಸ್ ಬರೋದೇ ವ್ಯಾಯಾಮ.

ನಾನು ಮಾಡುವುದು ಬರೀ 10 ನಿಮಿಷ. ಕುರ್ಚಿಯಲ್ಲಿ ಬೆನ್ನು ನೇರ, ಪಾದ ನೆಲದ ಮೇಲೆ. ಫೋನು ಫ್ಲೈಟ್ ಮೋಡ್‌ನಲ್ಲಿ, ಟೈಮರ್ ಮಾತ್ರ ಓಡುತ್ತಿರುತ್ತದೆ. ಮನಸ್ಸಲ್ಲೇ 4 ಎಣಿಸುತ್ತಾ ಉಸಿರು ಒಳಗೆ, 6 ಎಣಿಸುತ್ತಾ ಹೊರಗೆ. ಬಿಡುವ ಉಸಿರು ಉದ್ದ ಇರಲು ಕಾರಣವಿದೆ. ಉಸಿರು ಬಿಡುವಾಗ ವೇಗಸ್ ಎಂಬ ನರದ ಹಿಡಿತದಿಂದ ಹೃದಯದ ಬಡಿತ ತುಸು ತಗ್ಗುತ್ತದೆ. ಹತ್ತು ಸುತ್ತಾದ ಮೇಲೆ ಎಣಿಕೆ ಬಿಟ್ಟು ಉಸಿರನ್ನು ಸುಮ್ಮನೆ ನೋಡುತ್ತೇನೆ. ಕೂರೋಕೇ ಆಗದಷ್ಟು ಚಡಪಡಿಕೆ ಇದ್ದ ದಿನ ಭ್ರಾಮರಿ. ದುಂಬಿಯಂತೆ 'ಮ್‌ಮ್' ಅನ್ನುತ್ತಾ ಉಸಿರು ಬಿಟ್ಟರೆ ಅದು ತಾನಾಗಿಯೇ ಉದ್ದವಾಗುತ್ತದೆ.

ಇದರಿಂದ ನನಗೆ ಸಿಕ್ಕಿದ್ದು ಬರೀ ಶಾಂತಿ ಅಂದ್ರೆ ಸುಳ್ಳಾದೀತು. ಕೆಲವು ವಾರ ಕೂತ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ನನ್ನ ಎದೆ ಬಿಗಿಯುತ್ತಿದ್ದದ್ದು ಬೆಳಿಗ್ಗೆಯಲ್ಲ, ರಾತ್ರಿ 10ರ ಕಾಲ್ ಹತ್ತಿರವಾದಾಗ. ಉಸಿರು ಎಷ್ಟೇ ಎಳೆದರೂ ಆ ಕಾಲ್ ಮಾಯವಾಗಲ್ಲವಲ್ಲ! ವಾರಕ್ಕೆ ಎರಡೇ ದಿನ ಸಾಕು ಅಂತ ಮ್ಯಾನೇಜರ್ ಹತ್ತಿರ ಮಾತಾಡಿದೆ. ಒಪ್ಪಲು ಒಂದು ತಿಂಗಳು ಹಿಡಿಯಿತು, ಆದರೂ ಒಪ್ಪಿದರು. ಧ್ಯಾನ ಅಂದರೆ ಎಲ್ಲವನ್ನೂ ಸಹಿಸಿಕೊಂಡು ನಗುವುದು ಅನ್ನುವವರಿಗೆ ನಾನು ಹೇಳೋದು ಇಷ್ಟೇ: ಎಲ್ಲಿ ನೋಯುತ್ತಿದೆ ಅಂತ ತಿಳಿದ ಮೇಲೆ ಮುಂದಿನ ಕೆಲಸ ನಮ್ಮದೇ.

ಇನ್ನೊಂದು ಮಾತು. ನನ್ನ ಗೆಳತಿಯೊಬ್ಬಳು ವಾರಗಟ್ಟಲೆ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದಳು. ಎಲ್ಲರೂ "ಧ್ಯಾನ ಮಾಡು" ಅಂದರು. ಕಣ್ಣು ಮುಚ್ಚಿದರೆ ಅವಳ ಗಾಬರಿ ಇನ್ನೂ ಜಾಸ್ತಿ ಆಗುತ್ತಿತ್ತು. ಅವಳಿಗೆ ಬೇಕಿದ್ದದ್ದು ಡಾಕ್ಟರು. ಔಷಧಿ, ಆಪ್ತ ಸಮಾಲೋಚನೆ ಎರಡೂ ನಡೆದು, ಈಗ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಊಟ, ನಿದ್ದೆ, ಕೆಲಸ ಎಲ್ಲಾ ಹಳಿ ತಪ್ಪಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಕಣ್ಣು ಮುಚ್ಚಿ ಕೂರಬೇಡಿ, ಫೋನ್ ಎತ್ತಿಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅಂಥ ತೊಂದರೆಯೇನೂ ಇಲ್ಲ, ಬರೀ ತಲೆತುಂಬಾ ಗಲಾಟೆ ಅನ್ನುವವರು ನಾಳೆ ಬೆಳಿಗ್ಗೆ ವಾಟ್ಸಾಪ್ ತೆರೆಯುವ ಮೊದಲು 10 ನಿಮಿಷ ಕೂತು ನೋಡಿ. ಗಮನ ಎಷ್ಟು ಸಲ ಓಡಿಹೋಯಿತು ಅಂತ ಲೆಕ್ಕ ಇಡಬೇಡಿ. ಎರಡು ವಾರ ಬಿಟ್ಟು ಏನನ್ನಿಸಿತು ಅಂತ ನನಗೂ ಬರೆದು ತಿಳಿಸಿ.