ಹಾರ ತುರಾಯಿಗಿಂತ ಅಂಗಳ ಮಿಗಿಲು

ವಿಜಯಪುರವೆಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಗೋಲಗುಮ್ಮಟ. ಅಲ್ಲಿ ಪಿಸುಮಾತೂ ಗೋಡೆಯಿಂದ ಗೋಡೆಗೆ ಹರಿದು ಮರುದನಿಗೊಳ್ಳುತ್ತದೆ. ಆದರೆ 2017ರ ಜುಲೈ ತಿಂಗಳಲ್ಲಿ ಈ ಊರಿನ ಹೆಸರು ಮರುದನಿಗೊಂಡುದು ಸಾಗರದಾಚೆ, ಇಂಗ್ಲೆಂಡಿನ ಡರ್ಬಿ ನಗರದ ಕ್ರೀಡಾಂಗಣದಲ್ಲಿ. ಅದನ್ನು ಮೊಳಗಿಸಿದವರು ಇದೇ ಊರಿನ ಹೆಣ್ಣುಮಗಳು, ಎಡಗೈ ಸ್ಪಿನ್ ಬೌಲರ್ ರಾಜೇಶ್ವರಿ ಗಾಯಕವಾಡ. ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಅವರ ಕ್ರೀಡಾಜೀವನವನ್ನು ನೆನೆಯುವುದು ಕೇವಲ ಅಭಿನಂದನೆಗಾಗಿ ಅಲ್ಲ. ಹೆಣ್ಣುಮಕ್ಕಳ ಆಟೋಟಗಳ ವಿಷಯದಲ್ಲಿ ಶಾಲೆಗಳೂ ಪಾಲಕರೂ ದಾನಿಗಳೂ ಕಲಿಯಬೇಕಾದ ಪಾಠವೊಂದು ಅದರಲ್ಲಿ ಅಡಗಿದೆ.

1991ರಲ್ಲಿ ಜನಿಸಿದ ರಾಜೇಶ್ವರಿ ಮೊದಲು ಅಥ್ಲೆಟಿಕ್ಸ್‌ನಲ್ಲಿ ತೊಡಗಿದ್ದು, ಕ್ರಿಕೆಟ್ಟಿಗೆ ತಡವಾಗಿಯೇ ಬಂದವರು. 2014ರ ಜನವರಿಯಲ್ಲಿ ಶ್ರೀಲಂಕೆಯ ಎದುರು ಭಾರತದ ಪರವಾಗಿ ಮೊದಲ ಪಂದ್ಯ ಆಡಿದರು. ಮಗಳ ಏಳಿಗೆಯನ್ನು ಕಂಡು ಹಿಗ್ಗಬೇಕಾಗಿದ್ದ ತಂದೆ ಅದೇ ವರ್ಷ ತೀರಿಕೊಂಡರು. ಮನೆಯ ಭಾರ ಹೆಗಲೇರಿತು. ಆಟ ಮಾತ್ರ ನಿಲ್ಲಲಿಲ್ಲ.

2017ರ ವಿಶ್ವಕಪ್ಪಿನಲ್ಲಿ ಅವರಿಗೆ ಒದಗಿದ ಪರೀಕ್ಷೆ ವಿಲಕ್ಷಣವಾದುದು. ಮೊದಲಿನ ಆರು ಪಂದ್ಯಗಳಲ್ಲಿ ಅವರು ಆಡುವ ಹನ್ನೊಂದು ಜನರಲ್ಲಿ ಇರಲಿಲ್ಲ. ಏಳನೆಯದು ಜುಲೈ 15ರಂದು ನ್ಯೂಜಿಲೆಂಡಿನ ಎದುರು. ಸೋತವರು ಉಪಾಂತ್ಯವನ್ನು ಮರೆಯಬೇಕಾಗಿದ್ದ ಪಂದ್ಯ. ಕಾಯುತ್ತ ಕುಳಿತವರಿಗೆ ಅಂದು ಕರೆ ಬಂದಿತು. ಮಿತಾಲಿ ರಾಜ್ ಅವರ ಶತಕ, ಕಡೂರಿನ ವೇದಾ ಕೃಷ್ಣಮೂರ್ತಿಯವರ ಬಿರುಸಿನ 70 ಓಟಗಳಿಂದ ಭಾರತ 265 ಓಟ ಗಳಿಸಿತ್ತು. ಬಳಿಕ ರಾಜೇಶ್ವರಿ ಕೇವಲ 15 ಓಟಗಳನ್ನಿತ್ತು ಐದು ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಕುಸಿಯಿತು. ಕರೆ ಬಂದ ದಿನ ಸಿದ್ಧರಾಗಿರುವುದಕ್ಕೆ, ಕರೆ ಬಾರದ ದಿನಗಳಲ್ಲೂ ಅಭ್ಯಾಸವನ್ನು ಬಿಡದಿರುವುದೊಂದೇ ಉಪಾಯ. ವಿದ್ಯಾರ್ಥಿಗಳಿಗೆ ಇದಕ್ಕಿಂತ ನೇರವಾದ ಬೋಧೆ ಬೇರೊಂದಿಲ್ಲ.

ಜುಲೈ 23ರಂದು ಲಾರ್ಡ್ಸ್ ಅಂಗಳದಲ್ಲಿ ಅಂತಿಮ ಪಂದ್ಯ. ಇಂಗ್ಲೆಂಡಿನ ಮೊದಲ ವಿಕೆಟ್ ಉರುಳಿಸಿದವರು ರಾಜೇಶ್ವರಿ. 229ರ ಗುರಿಯನ್ನು ಬೆನ್ನಟ್ಟಿದ ಭಾರತ ಮೂರು ವಿಕೆಟ್ಟಿಗೆ 191ರವರೆಗೆ ಸುಗಮವಾಗಿ ಸಾಗಿ, ಬಳಿಕ 28 ಓಟಗಳೊಳಗೆ ಏಳು ವಿಕೆಟ್ ಕಳೆದುಕೊಂಡು 219ಕ್ಕೆ ನಿಂತಿತು. ಒಂಬತ್ತು ಓಟಗಳ ಸೋಲು. ಕೊನೆಯ ವಿಕೆಟ್ಟಾಗಿ ಔಟಾದವರೂ ರಾಜೇಶ್ವರಿಯೇ. ಒಂದೇ ದಿನದ ಆದಿಯಲ್ಲಿ ಹರ್ಷವನ್ನೂ ಅಂತ್ಯದಲ್ಲಿ ವಿಷಾದವನ್ನೂ ಉಣ್ಣಬೇಕಾಯಿತು. ಆದರೂ 2022ರ ಮಾರ್ಚಿನಲ್ಲಿ ಮತ್ತೊಂದು ವಿಶ್ವಕಪ್ಪಿನಲ್ಲಿ ಪಾಕಿಸ್ತಾನದೆದುರು 31 ಓಟಗಳಿಗೆ ನಾಲ್ಕು ವಿಕೆಟ್ ಪಡೆದು ಗೆಲುವಿಗೆ ಕಾರಣರಾದವರು ಅವರೇ. 2025ರ ನವೆಂಬರಿನಲ್ಲಿ ಭಾರತದ ಮಹಿಳೆಯರು ವಿಶ್ವಕಪ್ ಗೆದ್ದಾಗ ತಂಡದಲ್ಲಿ ರಾಜೇಶ್ವರಿ ಇರಲಿಲ್ಲ. ಆದರೆ ಆ ಬಾಗಿಲನ್ನು ಜಗ್ಗಿ ಅಲುಗಿಸಿದವರಲ್ಲಿ 2017ರ ತಂಡದವರೆಲ್ಲರೂ ಸೇರುತ್ತಾರೆ.

ಸೋಲಿನ ಬೆಲೆಯನ್ನು ಅರಿಯಲು ಜಪಾನಿನ ಆಸಾದಾ ಮಾವೊ ಅವರ ನಿದರ್ಶನವೂ ತಕ್ಕದು. ಮಂಜುಗಡ್ಡೆಯ ಮೇಲೆ ಆಡುವ ಫಿಗರ್ ಸ್ಕೇಟಿಂಗ್‌ನಲ್ಲಿ, ಗಾಳಿಯಲ್ಲಿ ಮೂರೂವರೆ ಸುತ್ತು ತಿರುಗಿ ಒಂಟಿ ಕಾಲಿನ ಮೇಲೆ ಇಳಿಯುವ ಟ್ರಿಪಲ್ ಆಕ್ಸೆಲ್ ಎಂಬ ಕಠಿನ ಜಿಗಿತಕ್ಕೆ ಅವರು ಹೆಸರಾದವರು. 2010ರ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದರು. 2011ರ ಡಿಸೆಂಬರಿನಲ್ಲಿ ತಾಯಿಯನ್ನು ಕಳೆದುಕೊಂಡರು. 2014ರ ಸೋಚಿ ಒಲಿಂಪಿಕ್ಸಿನ ಮೊದಲ ದಿನ ಎಡವಿ ಹದಿನಾರನೆಯ ಸ್ಥಾನಕ್ಕೆ ಇಳಿದರು. ಮರುದಿನ ಅದೇ ಜಿಗಿತವನ್ನು ಸಾಧಿಸಿ ಆರನೆಯ ಸ್ಥಾನಕ್ಕೆ ಏರಿದರು. ಪದಕ ದೊರೆಯಲಿಲ್ಲ, ಆದರೆ ಜಪಾನಿನ ಜನ ಆ ಮರುದಿನವನ್ನು ಮರೆತಿಲ್ಲ. ಬಿದ್ದವರು ಏಳುವುದನ್ನು ಕಂಡ ಸಮಾಜ ತಾನೂ ಏಳಲು ಕಲಿಯುತ್ತದೆ.

ವಿಶ್ವಕಪ್ಪಿನಿಂದ ಮರಳಿದ ರಾಜೇಶ್ವರಿಯವರಿಗೆ, ಬಬಲೇಶ್ವರ ಕ್ಷೇತ್ರದ ಶಾಸಕರೂ ಅಂದಿನ ಜಲಸಂಪನ್ಮೂಲ ಸಚಿವರೂ ಆಗಿದ್ದ ಎಂ. ಬಿ. ಪಾಟೀಲರು ಕಾರೊಂದನ್ನು ಕಾಣಿಕೆಯಾಗಿ ನೀಡಲು ಮುಂದಾದರು. ಅದು ಔದಾರ್ಯದ ನಡೆ. ರಾಜೇಶ್ವರಿ ಅದನ್ನು ವಿನಯದಿಂದಲೇ ನಿರಾಕರಿಸಿ, ಕುಟುಂಬಕ್ಕೆ ಕಾರಿಗಿಂತ ಮನೆಯ ಅಗತ್ಯ ಹೆಚ್ಚಿನದೆಂದು ತಿಳಿಸಿದರು. ಇದನ್ನು ಕೆಲವರು ಹಟವೆಂದು ಬಗೆದಿರಬಹುದು. ಆದರೆ ಇದು ವಿವೇಕದ ಮಾತು. ಗೆದ್ದವರಿಗೆ ಕೊಡುವ ಉಡುಗೊರೆ ಕೊಡುವವರ ಸಂತೋಷವನ್ನು ತೋರುತ್ತದೆ. ಪಡೆಯುವವರ ಕೊರತೆ ಯಾವುದೆಂದು ಕೇಳಿ ತಿಳಿದು ಕೊಟ್ಟದ್ದು ಮಾತ್ರ ಫಲ ಕೊಡುತ್ತದೆ.

ಹಾಗಾದರೆ ಶಾಲೆಯ ಹೆಣ್ಣುಮಕ್ಕಳ ಕೊರತೆ ಯಾವುದು? ತಿಕೋಟಾದ ದ್ರಾಕ್ಷಿ ತೋಟಗಳ ನಡುವಿನಿಂದಲೋ ಬಬಲೇಶ್ವರದ ಹಳ್ಳಿಗಳಿಂದಲೋ ಬರುವ ಬಾಲಕಿಗೆ ಓಡುವ ಕಾಲು ಉಂಟು, ಎಸೆಯುವ ತೋಳು ಉಂಟು. ಆಟ ಮುಗಿದ ಮೇಲೆ ಕತ್ತಲಾಗುವ ಮುನ್ನ ಊರು ಮುಟ್ಟಿಸುವ ಬಸ್ಸಿಲ್ಲ. ಬಟ್ಟೆ ಬದಲಿಸಲು ಮರೆಯಾದ ಕೋಣೆಯಿಲ್ಲ. ಸಂಕೋಚವಿಲ್ಲದೆ ಮಾತನಾಡಬಹುದಾದ ದೈಹಿಕ ಶಿಕ್ಷಕಿಯಿಲ್ಲ. ಪರೀಕ್ಷೆ ಸಮೀಪಿಸಿದಾಗ ಆಟದ ವೇಳೆಯನ್ನು ಮೊದಲು ಕಸಿದುಕೊಳ್ಳುವುದು ಗಣಿತದ ಪಾಠ. ಎಂಟನೆಯ ಇಯತ್ತೆ ದಾಟಿದೊಡನೆ ಇನ್ನು ಆಟ ಸಾಕೆಂಬ ಮಾತು ಮನೆಯಲ್ಲಿ ಏಳುತ್ತದೆ.

ಓದು ಕೆಡುವುದೆಂಬ ಪಾಲಕರ ಅಂಜಿಕೆ ನಿರಾಧಾರವೆನ್ನುವಂತಿಲ್ಲ. ಎಲ್ಲ ಮಕ್ಕಳೂ ಲಾರ್ಡ್ಸ್ ಮುಟ್ಟುವುದಿಲ್ಲ. ಆಟವನ್ನೇ ನಂಬಿದವರಲ್ಲಿ ಹಲವರಿಗೆ ಅನ್ನದ ದಾರಿ ಸಿಗುವುದಿಲ್ಲ. ಆದರೆ ಸಾಹಿತ್ಯ ಓದಿದವರೆಲ್ಲ ಕವಿಗಳಾಗುವುದಿಲ್ಲವೆಂದು ಕನ್ನಡ ಪಾಠವನ್ನು ಯಾರೂ ನಿಲ್ಲಿಸುವುದಿಲ್ಲ. ಕಾವ್ಯ ಮನಸ್ಸನ್ನು ಹದಗೊಳಿಸುವಂತೆ ಆಟ ಧೈರ್ಯವನ್ನು ಹದಗೊಳಿಸುತ್ತದೆ. ತಂದೆಯನ್ನು ಕಳೆದುಕೊಂಡು ಮನೆಯನ್ನು ಹೊತ್ತವರಿಗೂ, ಬಿದ್ದ ಮರುದಿನವೇ ಮಂಜಿನ ಮೇಲೆ ಕಾಲಿಟ್ಟವರಿಗೂ ಆಧಾರವಾದದ್ದು ಆ ಹದವೇ.

ಆದ್ದರಿಂದ ದಾನಿಗಳು ಬೆಳ್ಳಿಯ ಲೋಟ, ಶಾಲು, ಫಲಕಗಳಿಗೆ ತೆಗೆದಿರಿಸುವ ಹಣದ ಅರ್ಧವನ್ನಾದರೂ ಹೆಣ್ಣುಮಕ್ಕಳ ಅಂಗಳಕ್ಕೆ ತಿರುಗಿಸುವುದು ಉಚಿತ. ಶಿಕ್ಷಕರು ಆಟದ ವೇಳೆಯನ್ನು ಪಾಠದ ವೇಳೆಯಂತೆಯೇ ಕಾಯಬೇಕು. ಹಳೆಯ ವಿದ್ಯಾರ್ಥಿಗಳು ಸಂಜೆಯ ವಾಹನದ ವೆಚ್ಚವನ್ನು ವಹಿಸಿಕೊಂಡರೆ ಅದು ಸಾರ್ಥಕ ಗುರುದಕ್ಷಿಣೆ. 2017ರಲ್ಲಿ ಸ್ಪರ್ಧೆಯಿಂದ ನಿವೃತ್ತರಾದ ಆಸಾದಾ ಮಾವೊ ಮುಂದಿನ ಪೀಳಿಗೆಗಾಗಿ ಮನಸ್ಸಿಟ್ಟು ರೂಪಿಸಿದ್ದು ಸ್ಮಾರಕವನ್ನಲ್ಲ. ಮಕ್ಕಳು ಜಾರಿ ಬೀಳಲೂ ಏಳಲೂ ಒಂದು ಮಂಜಿನ ಅಂಗಳವನ್ನು.

ಹಾರ ಸಂಜೆಗೆ ಬಾಡುತ್ತದೆ. ಅಂಗಳದಲ್ಲಿ ಮಾತ್ರ ಮರುದಿನ ಬೆಳಗ್ಗೆ ಮತ್ತೊಬ್ಬ ಬಾಲಕಿ ಚೆಂಡು ಹಿಡಿದು ನಿಂತಿರುತ್ತಾಳೆ.